ಹತ್ತನೆಯವರ ದನಿ

ಧಡ್!

ಬಾಗಿಲಿನ ಮೇಲೆ ಇನ್ನೊಂದು ಒದೆ ಬಿತ್ತು. ಚಿಲಕ ಅಲ್ಲಾಡಿತು. ಹೊರಗಿದ್ದವನು ಗೂಳಿ, ಕಂಪನಿಯ ಸೆಕ್ಯೂರಿಟಿ. ಹೆಸರಿಗೆ ತಕ್ಕ ಕತ್ತು... ಬುದ್ಧಿಯೂ ಅಷ್ಟೇ!

"ರೆಕಾರ್ಡಿಂಗ್ ಕಾಪಿ ಆಯ್ತಾ?" ಎಂದೆ.

"ಅರ್ಧ ಆಗಿದೆ ಮೇಡಂ..."

ಹೀಗೆಂದವನನ್ನು ಆ ಆಫೀಸಿನಲ್ಲಿ ಕನ್ನಡಕ ಎಂದೇ ಕರೆಯುತ್ತಾರೆ. ವೆಬ್‌ಸೈಟುಗಳನ್ನು ಜನರ ಕೈಯಲ್ಲಿ ಬಳಸಿ ನೋಡಿ, ಎಲ್ಲಿ ಎಡವುತ್ತಾರೆ ಎಂದು ಲೆಕ್ಕ ಹಾಕುವುದು ಅವನ ಕೆಲಸ. ತಲೆ ಅರ್ಧ ನರೆತಿದೆ.

ಕೇಳಿ, ಪತ್ತೇದಾರಿಕೆ ನನ್ನ ಕಸುಬು. ನಾನು ಬಂದದ್ದು ಒಂದು ಸಾವಿನ ಬೆನ್ನು ಹತ್ತಿ. ಆಂಬುಲೆನ್ಸ್ ಕರೆಸುವ ಹೊಸ ವೆಬ್‌ಸೈಟಿನ ಪರೀಕ್ಷೆಗೆಂದು ಒಬ್ಬ ಟೈಲರಮ್ಮ ಇಲ್ಲಿಗೆ ಬಂದಿದ್ದರು. ಮನೆಗೆ ಹೋದದ್ದು ಹೆಣವಾಗಿ. ಪರೀಕ್ಷೆ ಮುಗಿದ ಮೇಲೆ ಮೆಟ್ಟಿಲಲ್ಲಿ ಕುಸಿದರು ಎಂದಿತು ಕಂಪನಿ. ಮಗಳು ನಂಬಲಿಲ್ಲ.

"ಅಮ್ಮ ಹೇಗೆ ಹೋದ್ಲು? ಅಷ್ಟು ತಿಳಿದ್ರೆ ಸಾಕು ಅಕ್ಕಾ," ಎಂದು ನನ್ನ ಕೈ ಹಿಡಿದಿದ್ದಳು.

ಕನ್ನಡಕ ನನ್ನ ಕಿವಿಗೆ ಇಯರ್‌ಫೋನ್ ಇಡುತ್ತ ಪರೀಕ್ಷೆಯ ರೀತಿ ವಿವರಿಸಿದ.

"ಬಂದೋರಿಗೆ ಒಂದು ಚೀಟಿ ಕೊಡ್ತೀವಿ. ನಿಮಗೆ ಎದೆನೋವು ಬಂದಿದೆ ಅಂದ್ಕೊಳ್ಳಿ, ಆಂಬುಲೆನ್ಸ್ ಕರೀರಿ ಅಂತ. ಅವ್ರು ಮನಸ್ಸಿಗೆ ಬಂದಿದ್ದೆಲ್ಲ ಬಾಯ್ಬಿಟ್ಟು ಹೇಳ್ತಿರ್ಬೇಕು. ನಾವು ಮಾತ್ರ ತುಟಿ ಬಿಚ್ಚೋ ಹಾಗಿಲ್ಲ. ಹೇಳಿಕೊಟ್ರೆ ಡೇಟಾ ಹಾಳು!"

ರೆಕಾರ್ಡಿಂಗ್ ಶುರುವಾಯಿತು. ಕಿವಿಯೊಳಗೆ ಸತ್ತವರ ನಗು!

"ಸರಿ ಕಣಪ್ಪಾ, ಎದೆ ನೋಯ್ತಿದೆ ಅಂದ್ಕೊಂಡೆ... ಎಲ್ಲಿ ಒತ್ಲಿ? ಇದಾ? ಉಹುಂ... ಸಾಯೋ ಹೊತ್ತಲ್ಲಿ ಪಾಸ್‌ವರ್ಡ್ ಬೇಕಂತೆ ಇದಕ್ಕೆ..."

ನಗು ನಿಂತಿತು. ಏದುಸಿರು ಕೇಳಿಸಿತು.

"ಅಯ್ಯೋ... ನಿಜವಾಗ್ಲೂ ನೋಯ್ತಿದೆ ಕಣಪ್ಪಾ... ಯಾರಾದ್ರೂ ಬನ್ನಿ..."

ರೆಕಾರ್ಡಿಂಗಿನಲ್ಲೇ, ಪರೀಕ್ಷೆ ನೋಡುವವರು ಕೂರುವ ಗಾಜಿನ ಗೋಡೆಯ ಹಿಂದಿನಿಂದ ಇನ್ನೊಂದು ದನಿ. ಕಂಪನಿಯ ಸಾಹೇಬನದು!

"ಏನ್ ಆಕ್ಟಿಂಗ್ ಕಣಯ್ಯಾ ಈಯಮ್ಮಂದು! ಸುಮ್ನೆ ನೋಡ್ತಿರು. ಹೇಳ್ಕೊಡ್ಬೇಡ."

ಸುಳ್ಳೇಕೆ, ಹೆದರಿದೆ. ಚಾಕು ಕಂಡಿದ್ದೇನೆ, ಪಿಸ್ತೂಲು ಕಂಡಿದ್ದೇನೆ... ಇಂಥದ್ದು ಕೇಳಿರಲಿಲ್ಲ.

"ನಾನೂ ನಟನೆ ಅಂದ್ಕೊಂಡೆ..." ಕನ್ನಡಕ ಬಿಕ್ಕಿದ. "ಪರೀಕ್ಷೆಗೆ ಬಂದ ಹತ್ತು ಜನರಲ್ಲಿ ಸಾಹೇಬ್ರು ಇವ್ರೊಬ್ರನ್ನ ಲೆಕ್ಕದಿಂದ ತೆಗೆಸಿಬಿಟ್ರು. ಸರಾಸರಿ ಕೆಡುತ್ತಂತೆ! ನಾಳೆಯಿಂದ ಈ ಸೈಟು ಊರಿಗೆಲ್ಲ..."

ಧಡಾರ್!

ಬಾಗಿಲು ಬಿತ್ತು. ಅಷ್ಟರಲ್ಲಿ ಕಾಪಿಯೂ ಮುಗಿದಿತ್ತು. ಪೆನ್‌ಡ್ರೈವ್ ಕಿತ್ತೆ. ಚಕ್ರದ ಕುರ್ಚಿಯನ್ನು ಗೂಳಿಯ ಮೊಣಕಾಲಿಗೆ ಒದ್ದೆ. ಮಗ ಮಕಾಡೆ ಬಿದ್ದ! ಹಿಂದಿನ ಮೆಟ್ಟಿಲಿಗೆ ಹಾರಿದೆ.

ಇಯರ್‌ಫೋನ್ ಮೇಲೆಯೇ ಉಳಿದಿತ್ತು. ದನಿ ಮಾತ್ರ ಬೆನ್ನು ಬಿಡಲಿಲ್ಲ. ಮೆಟ್ಟಿಲು ತಿರುಗಿದಲ್ಲೆಲ್ಲ ಅದೇ... ಎಲ್ಲಿ ಒತ್ಲಿ? ಎಲ್ಲಿ ಒತ್ಲಿ?

ಕೆಳಗೆ ಸಾಹೇಬ ಗೇಟಿಗೆ ಕಾರು ಅಡ್ಡ ಹಾಕಿ ನಿಂತಿದ್ದ.

"ಕೊಡಿ ಮೇಡಂ."

"ಅವ್ರು ಸತ್ತಿದ್ದು ಮೆಟ್ಟಿಲಲ್ಲಲ್ಲ. ನಿನ್ನ ಕಣ್ಮುಂದೆ!"

"ಕೊನೇವರೆಗೂ ಕೇಳಿದ್ರಾ?" ಅವನು ನಕ್ಕ. "ತಪ್ಪು ಯಾರದ್ದು ಅಂತ ಅವ್ರೇ ಬಾಯ್ಬಿಟ್ಟು ಹೇಳಿದಾರೆ. ಅದಕ್ಕೇ ಲೆಕ್ಕದಿಂದ ತೆಗೆಸಿದ್ದು."

ಕೊರಳಪಟ್ಟಿ ಹಿಡಿದು ಕಾರಿನ ಮೇಲೆ ಕೆಡವಿದೆ. ಕಾಂಪೌಂಡ್ ಹಾರಿದೆ. ಆಚೆ ಟೈಲರಮ್ಮನ ಮಗಳು ಸ್ಕೂಟರ್ ಹಿಡಿದು ಕಾಯುತ್ತಿದ್ದಳು.

ಅವರ ಅಂಗಡಿಯಲ್ಲಿ ಹೊಲಿಗೆ ಮೆಷಿನ್ನಿನ ಸೂಜಿಯಡಿ ಅರ್ಧ ಹೊಲಿದ ಅಂಗಿ ಹಾಗೆಯೇ ಇತ್ತು. ಯಾರಿಗೂ ಅದನ್ನು ತೆಗೆಯಲು ಮನಸ್ಸು ಬಂದಿರಲಿಲ್ಲ.

"ಕೊನೇ ಭಾಗ ಕೇಳೋದು ಬೇಡಮ್ಮಾ," ಎಂದೆ.

"ಹಾಕಿ ಅಕ್ಕಾ."

ಹಾಕಿದೆ.

"...ಸಾರಿ ಕಣಪ್ಪಾ... ತಪ್ಪು ನಂದೇ... ನಂಗೆ ಇದೆಲ್ಲ ಬರಲ್ಲ... ನಿಮ್ ಕೆಲ್ಸ ಕೆಡಿಸ್ಬಿಟ್ಟೆ..."

ಆಮೇಲೆ ಕುರ್ಚಿ ಉರುಳಿದ ಸದ್ದು.

ಮಗಳು ಅಂಗಿಯ ತೋಳು ಹಿಡಿದು ಕೂತಳು. ಅಳಲಿಲ್ಲ. ಅತ್ತಿದ್ದರೆ ನನಗೆ ಹಗುರಾಗುತ್ತಿತ್ತು.

"ಆಮೇಲೆ ಅಲ್ಲಿದ್ದೋರು ಏನಂದ್ರು ಅಕ್ಕಾ?"

ಪೆನ್‌ಡ್ರೈವ್ ಕಿತ್ತುಕೊಂಡು ಪೊಲೀಸ್ ಸ್ಟೇಷನ್ನಿಗೆ ಹೊರಟೆ.

ಈಗ ಸೈಟು ನಿಂತಿದೆ. ಸಾಹೇಬ ಕಂಬಿ ಎಣಿಸುತ್ತಿದ್ದಾನೆ. ಪೊಲೀಸರು, ವಕೀಲರು, ಜಡ್ಜ್... ಎಲ್ಲರೂ ಆ ರೆಕಾರ್ಡಿಂಗ್ ಕೇಳಿದ್ದಾರೆ. ಅದರಲ್ಲಿ ಸಾರಿ ಎಂದವರು ಒಬ್ಬರೇ ಒಬ್ಬರು... ಸತ್ತವರು!