ಇಂಪನಾ ಒಪ್ಪಿಕೊಂಡ ಕಳ್ಳತನ

ಹೊಟ್ಟೆನೋವಿನ ಕತೆಯನ್ನು ಮಕ್ಕಳಿಗೆ ಹೇಳಬಹುದೋ ಬಾರದೋ ಎಂಬ ಅಳುಕಿನಲ್ಲೇ ಹೇಳುತ್ತಿದ್ದೇನೆ. ತಪ್ಪೆನಿಸಿದರೆ ದೊಡ್ಡವರು ಕ್ಷಮಿಸಬೇಕು.

"ಗುರುಸಿದ್ದಮ್ಮೋರೆ, ಕೈ ತಗೀರಿ. ಹೊಟ್ಟೆ ತಿಕ್ಕಬ್ಯಾಡಿ."

ಹೀಗೆಂದವಳು ಊರಿನ ಆಶಾ ಕಾರ್ಯಕರ್ತೆ ಲಕ್ಷ್ಮಕ್ಕ. ಯಾರಿಗೆ ಹೊಟ್ಟೆನೋವು ಬಂದರೂ ಬಟ್ಟಿ ಜಾರಿದೆ, ಅಂದರೆ ಹೊಕ್ಕುಳ ನರ ಸರಿದಿದೆ ಎಂದು ಹರಳೆಣ್ಣೆ ಹಚ್ಚಿ ನೀವುವ ಕೈ ಗುರುಸಿದ್ದಮ್ಮನದು. ಅದನ್ನು ಇದುವರೆಗೆ ಯಾರೂ ತಡೆದದ್ದಿಲ್ಲ. ಚಾಪೆಯ ಮೇಲಿದ್ದ ಮೊಮ್ಮಗಳು ಇಂಪನಾ ನೋವನ್ನೂ ಮರೆತು ಕಣ್ಣರಳಿಸಿದಳು.

ಐದನೇ ಕ್ಲಾಸಿನ ಇಂಪನಾಗೆ ಎರಡು ತಿಂಗಳಲ್ಲಿ ಇದು ಮೂರನೇ ಸಲ. ಹೊಕ್ಕುಳ ಕೆಳಗೆ ಹಿಂಡಿದಂತೆ ನೋವು. ಅಟ್ಟದಿಂದ ಇಳಿಸಿ ಸುಲಿದಿಟ್ಟ ಕೊಬ್ಬರಿಯನ್ನು ಕದ್ದು ತಿಂದಿದ್ದೀಯ ಎಂದು ಅಜ್ಜಿ ಪ್ರತಿಸಲವೂ ಗದರುತ್ತಿದ್ದಳು. ಇಂಪನಾ ಹೂಂ ಎಂದು ತಲೆಯಾಡಿಸುತ್ತಿದ್ದಳು.

"ಪದೇಪದೇ ಬತ್ತೈತೆ ಅಂದ್ರೆ ಒಳಗೇನೈತೋ ಯಾರಿಗ್ಗೊತ್ತು. ಅಪೆಂಡಿಕ್ಸ್ ಆಗಿದ್ದು, ನೀವು ತಿಕ್ಕಿ ಒಡೆದೋದ್ರೆ?" ಎಂದಳು ಲಕ್ಷ್ಮಕ್ಕ.

ಅಜ್ಜಿ ಥಟ್ಟನೆ ಕೈ ಹಿಂದಕ್ಕೆಳೆದುಕೊಂಡಳು.

ಇಂಪನಾಳ ಅಪ್ಪ ಅವಳನ್ನೂ ಅಜ್ಜಿಯನ್ನೂ ತಿಪಟೂರಿನ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರಮ್ಮ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ನೋಡಿದರು. ಜ್ವರ, ವಾಂತಿ, ಮಲಬದ್ಧತೆ ಎಲ್ಲ ವಿಚಾರಿಸಿದರು. ಆಮೇಲೆ ಅಪ್ಪನನ್ನು ಹೊರಗೆ ಕಳಿಸಿ, ಸ್ಕೂಲಲ್ಲಿ ಎಷ್ಟು ಸಲ ಟಾಯ್ಲೆಟ್‌ಗೆ ಹೋಗುತ್ತೀಯ ಎಂದು ಕೇಳಿದರು.

ಇಂಪನಾ ನೆಲ ನೋಡಿದಳು.

"ಹೋಗಲ್ಲ ಮಿಸ್. ಬಾಗಿಲಿಗೆ ಚಿಲಕ ಇಲ್ಲ, ಹುಡುಗ್ರು ತಳ್ತಾರೆ. ಅದಕ್ಕೇ ನೀರೂ ಕುಡಿಯಲ್ಲ. ಮನೆಗೆ ಬಂದು ಉಚ್ಚೆ ಹೊಯ್ದಾಗ ಉರಿಯುತ್ತೆ."

ಅಜ್ಜಿ ಅವಳತ್ತ ತಿರುಗಿದಳು. "ಮತ್ತೆ ಕೊಬ್ರಿ ಕದ್ದೆ ಅಂತ ಒಪ್ಕೊಂಡ್ಯಲ್ಲೇ?"

"ಕದ್ದಿಲ್ಲ ಕಣಜ್ಜಿ. ಇದನ್ನ ಹೇಳೋದಕ್ಕಿಂತ ಅದೇ ಸುಲಭ ಇತ್ತು."

ಯೂರಿನ್ ಟೆಸ್ಟಿನಲ್ಲಿ ಸೋಂಕು ಕಂಡಿತು. ಡಾಕ್ಟರಮ್ಮ ಔಷಧಿ ಬರೆದರು. ನೀರು ಚೆನ್ನಾಗಿ ಕುಡಿಯಬೇಕು, ಉಚ್ಚೆ ತಡೆಯಬಾರದು, ನೋವು ಜಾಸ್ತಿಯಾದರೆ ತಕ್ಷಣ ಬರಬೇಕು ಎಂದರು. ಅಪೆಂಡಿಕ್ಸ್ ಥರ ಕಾಣುವುದಿಲ್ಲ, ಆದರೂ ನಾಳೆ ಸ್ಕ್ಯಾನಿಂಗ್ ಮಾಡಿಸೋಣ ಎಂದರು.

ಇಂಪನಾ ಎದ್ದು ಬಾಗಿಲತ್ತ ಹೊರಟ ಮೇಲೂ ಅಜ್ಜಿ ಕದಲಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಕೇಳಿಸದಷ್ಟು ಸಣ್ಣ ದನಿಯಲ್ಲಿ, "ನಾನು ಎರಡು ಸಲ ಜೋರಾಗಿ ತಿಕ್ಕಿದೀನಿ ಕಣ್ರವ್ವಾ. ಮಗೀಗೆ ಏನಾದ್ರೂ ಆಗೈತಾ?" ಎಂದಳು.

ಆ ಮಾತು ಬಾಯಿಗೆ ಬರುವುದು ಎಷ್ಟು ಕಷ್ಟ ಎಂದು ಇಂಪನಾಗೆ ಗೊತ್ತಿತ್ತು. ಅವಳು ಹೋಗಿ ಅಜ್ಜಿಯ ಪಕ್ಕ ನಿಂತಳು. ಈಗ ಹಾಗೇನೂ ಕಾಣುತ್ತಿಲ್ಲ, ನಾಳೆ ಸ್ಕ್ಯಾನಿಂಗಿನಲ್ಲಿ ಅದನ್ನೂ ನೋಡೋಣ, ಇನ್ನು ಮೇಲೆ ತಿಕ್ಕಬೇಡಿ ಎಂದರು ಡಾಕ್ಟರಮ್ಮ.

ಮೊದಲ ಎರಡು ನೋವಿಗೂ ಸೋಂಕೇ ಕಾರಣವೋ ಏನೋ, ಡಾಕ್ಟರಮ್ಮನಿಗೂ ಖಚಿತವಿಲ್ಲ. ನಾಳೆಯ ಸ್ಕ್ಯಾನಿಂಗಿನಲ್ಲಿ ಏನು ಬರುತ್ತದೋ ನನಗೂ ಗೊತ್ತಿಲ್ಲ.