ಗುಂಡಿಯಿಲ್ಲದ ಅಂಗಿ

ಚೆತ್ತೀನಾ ಅಂಗಿ ಒಗೆಯುತ್ತಿದ್ದಳು.

ಮಾತಿಲ್ಲ, ಗುನುಗಿಲ್ಲ. ಅಡುಗೆಮನೆಯ ಸಿಂಕಿನಲ್ಲಿ ತಣ್ಣೀರು, ಅಂಗೈಯಲ್ಲಿ ಸೋಪಿನ ತುಂಡು. ಕೊರಳಪಟ್ಟಿ ತಿಕ್ಕಿದಳು. ತೋಳಿನ ತುದಿ ತಿಕ್ಕಿದಳು. ಕಿಟಕಿಯಾಚೆ ನವೆಂಬರಿನ ಸಮುದ್ರ ಗೋಝೋ ದ್ವೀಪದ ಮರ್ಸಲ್‌ಫೋರ್ನಿನ ಖಾಲಿ ದಂಡೆಗೆ ಬಡಿಯುತ್ತಿತ್ತು.

ನೀರಿನ ಬಣ್ಣ ತಿರುಗಿತು.

ಬಿಳಿಯಾಗಿದ್ದರೆ ಅವಳು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಗಂಡ ಸಾಲ್ವು ಗಾರೆ ಕೆಲಸದವನು. ಮದುವೆಯಾದ ನಾಲ್ಕು ವರ್ಷದಿಂದ ಅವನ ಬಟ್ಟೆಯ ಸುಣ್ಣ ತೊಳೆದೂ ತೊಳೆದೂ ಅವಳ ಬೆರಳು ಬಿರಿದಿದ್ದವು. ಆದರೆ ಇದು ಬೂದು. ಬೂದಿನೊಳಗೆ ಮೀನಿನ ಪೊರೆಯಂಥ ಬೆಳ್ಳಿ ಮಿನುಗು...

ಅವಳ ಕೈ ನಿಂತಿತು.

ಅಂಗಿಯನ್ನು ಬೆಳಕಿಗೆ ಹಿಡಿದಳು. ಅಪ್ಪಟ ಹತ್ತಿ. ಒಂದೂ ಗುಂಡಿಯಿಲ್ಲ! ಗುಂಡಿಯಿದ್ದ ಕಡೆಯಲ್ಲೆಲ್ಲ ಕಟ್ಟಿಕೊಳ್ಳಲು ಹತ್ತಿಯ ಲಾಡಿ. ಹೊಲಿಗೆ ಸೊಟ್ಟ. ಹದಿನೈದಕ್ಕೇ ಶಾಲೆ ಬಿಟ್ಟು ಹೊಲಿಗೆ ಅಂಗಡಿ ಸೇರಿದವಳಿಗೆ ಅಕ್ಷರ ಓದುವುದಕ್ಕಿಂತ ಹೊಲಿಗೆ ಓದುವುದು ಸುಲಭ. ಇದು ಗಂಡಸಿನ ಕೈ. ಅವಳದೇ ಸೂಜಿಯಿಂದ, ಅವಳಿಗೆ ಕಾಣದಂತೆ, ಅವಸರದಲ್ಲಿ ಹೊಲಿದ ಕೈ.

ಮಾಲ್ಟಾದ ಅವರ ಊರಿನಲ್ಲಿ ಇಂಥ ಅಂಗಿ ತೊಡುವುದು ಒಂದೇ ಜಾಗಕ್ಕೆ. ಮದ್ದಿನ ಮನೆಗೆ!

ಊರಾಚೆಯ ಹೊಲಗಳ ನಡುವೆ ಬೆಳ್ಳಿಬಣ್ಣದ ಮದ್ದುಪುಡಿಯಿಂದ ಬಾಣಬಿರುಸು ಕಟ್ಟುವ ಕಲ್ಲಿನ ಕೋಣೆಗಳವು. ಒಳಗೆ ನೈಲಾನು ಕೂಡದು, ಕಬ್ಬಿಣ ಕೂಡದು. ಒಂದು ಉಕ್ಕಿನ ಗುಂಡಿ ಕಲ್ಲಿಗೆ ಉಜ್ಜಿ ಕಿಡಿ ಹಾರಿದರೂ ಸಾಕು...

ಐದು ವರ್ಷದ ಹಿಂದೆ ಅಂಥದೊಂದು ಕೋಣೆ ಸಿಡಿದು ಅವಳ ಅಣ್ಣ ವೆನ್ಸುವನ್ನು ನುಂಗಿತ್ತು. ಮನೆಗೆ ಬಂದದ್ದು ಅವನ ಕೋಟು ಮಾತ್ರ. ಅದಕ್ಕೆ ಲಂಗರಿನ ಚಿತ್ರದ ಐದು ಉಕ್ಕಿನ ಗುಂಡಿಗಳಿದ್ದವು. ಆ ಗುಂಡಿಗಳಿಂದಾಗಿಯೇ ಅವನು ಕೋಟನ್ನು ಹೊರಗೆ ಮರಕ್ಕೆ ತೂಗುಹಾಕಿ ಒಳಗೆ ಹೋಗಿದ್ದ.

ಸಾಲ್ವು ಕೂಡ ಅದೇ ಮದ್ದಿನ ಮನೆಯವನು, ವೆನ್ಸುವಿನ ಜೀವದ ಗೆಳೆಯ. ಸಮಾಧಿಯ ಕಲ್ಲಿನ ಮೇಲೆ ಕೈಯಿಟ್ಟು ಆಣೆ ಮಾಡಿದ್ದ, "ಇನ್ನು ಆ ಕಡೆ ತಲೆ ಹಾಕಿ ಕೂಡ ಮಲಗಲ್ಲ, ಚೆತ್ತೀ." ಆ ಒಂದು ಮಾತಿಗೇ ಅವಳು ಅವನನ್ನು ಒಪ್ಪಿಕೊಂಡಿದ್ದಳು.

ಈ ಬೇಸಿಗೆಯಿಂದ ಪ್ರತಿ ಶನಿವಾರ ಬೆಳಿಗ್ಗೆ ಅವನಿಗೆ 'ಹೆಚ್ಚಿನ ಕೆಲಸ'. ಬಟ್ಟೆಯನ್ನು ತಾನೇ ಒಗೆದುಕೊಳ್ಳುವ ಹೊಸ ಅಭ್ಯಾಸ. ಯಾವುದೋ ಹೆಂಗಸಿರಬೇಕೆಂದು ಅವಳು ದಿಂಬು ಕಚ್ಚಿ ಅತ್ತಿದ್ದಳು. ನಿನ್ನೆ ಶನಿವಾರ. ಮಧ್ಯಾಹ್ನ ಬಂದವನೇ ಅವಸರವಸರವಾಗಿ ಬ್ಯಾಗು ತುಂಬಿ, ಹಡಗು ಹತ್ತಿಸಿ, ಈ ಗೋಝೋ ದ್ವೀಪಕ್ಕೆ ಕರೆತಂದಿದ್ದ. ಮದುವೆಯಾದ ಮೇಲೆ ಅವರ ಮೊದಲ ರಜೆ. ಚಳಿಗಾಲದಲ್ಲಿ ಯಾರೂ ಬರುವುದಿಲ್ಲವೆಂದು ಎರಡು ರಾತ್ರಿಯ ಬಾಡಿಗೆಗೆ ಮೂರು ರಾತ್ರಿ!

ಈಗ ಬ್ಯಾಗಿನ ತಳದಲ್ಲಿ ಈ ಅಂಗಿ.

'ತಾಯಿ ಮರಿಯಾ... ಬೇರೆ ಹೆಂಗಸೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಹೆಂಗಸಿನ ಹತ್ತಿರ ಹೋದವನು ಯಾವತ್ತಾದರೂ ಮನೆಗೆ ಬರುತ್ತಾನೆ...'

ಬಾಗಿಲು ತೆರೆಯಿತು.

"ಚೆತ್ತೀ! ಬ್ರೆಡ್ಡು ಬಿಸಿಬಿಸಿ ಇದೆ! ಬೇಕರಿ ಮುದುಕ ಒಂದು ಕೊಂಡ್ರೆ ಇನ್ನೊಂದು ಸುಮ್ನೆ ಕೊಟ್ಟ ಕಣೇ. 'ಈ ಚಳೀಲಿ ರಜೆಗೆ ಬಂದಿದೀರ ಅಂದ್ರೆ ಪಾಪ ಏನೋ ಕಷ್ಟ ಇರ್ಬೇಕು' ಅಂದ!"

ನಗುತ್ತಾ ಬಂದ ಸಾಲ್ವು ಅವಳ ಮುಖ ನೋಡಿದ. ಅವಳ ಕೈಯಲ್ಲಿದ್ದುದನ್ನು ನೋಡಿದ. ನಗು ಹಾಗೇ ಮುಖದ ಮೇಲೆ ಉಳಿಯಿತು, ತೆಗೆಯಲು ಮರೆತಂತೆ.

ಅವನ ಮೈಮೇಲೆ ವೆನ್ಸುವಿನ ಕೋಟು. ಚಳಿಗಾಲಕ್ಕೆಂದು ಅವಳೇ ಗುಂಡಿಗಳನ್ನು ಮತ್ತೆ ಬಿಗಿಯಾಗಿ ಹೊಲಿದು ಅದನ್ನು ಅವನಿಗೆ ಕೊಟ್ಟಿದ್ದಳು.

"ಇದೇನು ಸಾಲ್ವು?"

"ಅದು... ಗಾರೆ. ಹೊಸಾ ಥರದ್ದು ಬಂದಿದೆ, ಅದರಲ್ಲಿ ಸ್ವಲ್ಪ ಮಿನುಗು..."

"ಗುಂಡಿ?"

"ಕಿತ್ತು ಹೋಯ್ತು."

"ಆರೂ?"

ಅವನು ಬ್ರೆಡ್ಡನ್ನು ಮೇಜಿನ ಮೇಲಿಟ್ಟ. ಮತ್ತೆ ಎತ್ತಿಕೊಂಡ.

"ಒಂದು ಮಾತು ಹೇಳು, ಸಾಕು. ಬರೋ ಶನಿವಾರ ಹೋಗ್ತೀಯಾ?"

"ಚೆತ್ತೀ, ನಿಂಗೆ ಅರ್ಥ ಆಗಲ್ಲ..."

"ಹೋಗ್ತೀಯಾ?"

"...ಹೋಗ್ಲೇಬೇಕು."

ಅವಳು ಕಿರುಚಲಿಲ್ಲ. ಕಿರುಚುವುದು ಅವಳಿಗೆ ಬಾರದು. ಹಸಿ ಅಂಗಿಯನ್ನು ಹಿಂಡಿ ಪ್ಲಾಸ್ಟಿಕ್ ಚೀಲಕ್ಕೆ ತುರುಕಿದಳು, ಕೈಚೀಲ ಹೆಗಲಿಗೆ ಹಾಕಿಕೊಂಡಳು, ಮೆಟ್ಟಿಲಿಳಿದಳು.

ಕೆಳಗೆ ಮನೆಯೊಡತಿ ಜೀಜಾ ಅಜ್ಜಿ ಹೊಸ್ತಿಲಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು.

"ಎಲ್ಲಿಗೆ ಮಗಳೇ, ತಿಂಡೀನೂ ತಿನ್ನದೆ? ಕೀಲಿ ಹೊರಗಡೆ ಬಾಗಿಲಲ್ಲೇ ಇರ್ಲಿ, ತೆಗೀಬೇಡ. ನಮ್ಮಲ್ಲಿ ಯಾರೂ ಕದಿಯಲ್ಲ. ಮಾಲ್ಟಾದವರು ಬಂದಾಗ ಮಾತ್ರ ನಾನು ಚಮಚ ಎಣಿಸಿ ಇಡ್ತೀನಿ!"

ಚೆತ್ತೀನಾ ನಗಲಿಲ್ಲ. ಅಜ್ಜಿ ಮುಖವೆತ್ತಿ ನೋಡಿದಳು.

"ಜಗಳವಾ?"

"ಮನೆಗೆ ಹೋಗ್ತಿದೀನಿ ಅಜ್ಜಿ."

"ಒಬ್ಳೇನಾ?"

ಅವಳು ಆಗಲೇ ಬಸ್ಸಿನ ಕಡೆಗೆ ತಿರುಗಿದ್ದಳು.

* * *

ಗೋಝೋದ ಹಡಗು ಹೊರಡುವ ಬಂದರು, ಇಮ್ಜಾರ್. ಮಧ್ಯಾಹ್ನದ ಗಾಳಿ. ಆಚೆ ದಡದಲ್ಲಿ ಮಾಲ್ಟಾ, ಕೈ ಚಾಚಿದರೆ ಸಿಗುವಷ್ಟು ಹತ್ತಿರ.

ಈ ಹಡಗಿನದೊಂದು ಪದ್ಧತಿ. ಗೋಝೋಗೆ ಬರುವಾಗ ಯಾರೂ ಟಿಕೆಟ್ ಕೇಳುವುದಿಲ್ಲ, ಸುಮ್ಮನೆ ಹತ್ತಿ ಬಂದುಬಿಡಬಹುದು. ಹಿಂತಿರುಗುವಾಗಲೇ ಎಲ್ಲ ಕೊಡಬೇಕು.

ಕಿಟಕಿಯೊಳಗಿನವನು ತಲೆಯೆತ್ತದೆ ಕೇಳಿದ, "ಒಂದಾ, ಎರಡಾ?"

ಅವಳು ಬಾಯಿ ತೆರೆದಳು.

ಒಂದು ಅನ್ನಬೇಕು. ಅಷ್ಟೇ. ಅಂದು ಹಡಗು ಹತ್ತಬೇಕು, ಅಮ್ಮನ ಮನೆಗೆ ಹೋಗಬೇಕು. ಶನಿವಾರ ಬೆಳಿಗ್ಗೆ ಢಂ ಎಂದು ಕೇಳಿಸಿದಾಗ ಅವನು ತನ್ನವನಲ್ಲ ಎಂದು ಗಟ್ಟಿಯಾಗಿ ಕಿವಿ ಮುಚ್ಚಿಕೊಳ್ಳಬೇಕು. ಒಂದು...

"ಅಕ್ಕಾ, ಒಂದಾ ಎರಡಾ? ಹಿಂದೆ ಜನ ಇದಾರೆ."

"ಮೂಗಿಯೇನೋ, ಪಾಪ," ಎಂದರು ಹಿಂದಿನಿಂದ ಯಾರೋ.

ಮೂಗಿ. ವೆನ್ಸು ಅವಳನ್ನು ಕರೆಯುತ್ತಿದ್ದುದು ಹಾಗೇ! ಸಾಲಿನಿಂದ ಹೊರಬಂದು, ನೀರಿನ ಅಂಚಿನ ಕಲ್ಲುಬೆಂಚಿನ ಮೇಲೆ ಕುಸಿದಳು. ಒಂದು ಹಡಗು ಹೋಯಿತು. ಇನ್ನೊಂದು ಬಂದು ನಿಂತಿತು.

ಸಾಲ್ವು ಬಸ್ಸಿನಿಂದಿಳಿದು ಓಡಿಬಂದ. ಎರಡು ಮಾರು ದೂರದಲ್ಲೇ ನಿಂತ, ಹತ್ತಿರ ಬರಲು ಹೆದರಿದವನಂತೆ.

"ಹೋಗಿಬಿಟ್ಟಿರ್ತೀಯ ಅಂದ್ಕೊಂಡೆ."

"ಹೋಗೋಕಾಗ್ಲಿಲ್ಲ. ಅದೂ ಬರಲ್ಲ ನಂಗೆ."

"ಚೆತ್ತೀ... ಅವತ್ತು ಮೊದಲ ಸಲ ನಾವಿಬ್ರೂ ಇಲ್ಲಿಗೆ ಬಂದಿದ್ವಲ್ಲ. ಆ ಮಂಗಳವಾರ."

ಅವಳು ಹೇಗೆ ಮರೆಯುತ್ತಾಳೆ! ಅಮ್ಮನಿಗೆ ಸುಳ್ಳು ಹೇಳಿ ಬಂದ ದಿನ. ಇದೇ ಬಂದರಿನಲ್ಲಿ ಅಲೆಯೊಂದು ಸಾಲ್ವುವನ್ನು ತಲೆಯಿಂದ ಕಾಲಿನವರೆಗೆ ತೋಯಿಸಿದಾಗ ಬಿದ್ದೂ ಬಿದ್ದೂ ನಕ್ಕಿದ್ದಳು. ಹಿಂತಿರುಗುವಾಗ ಹಡಗಿನ ಕಟಕಟೆಗೆ ಒರಗಿ, ದೂರದ ಹೊಲದಲ್ಲೆದ್ದ ಹೊಗೆ ತೋರಿಸಿ ಹೇಳಿದ್ದಳು, 'ನೋಡು, ಯಾರೋ ಕಸ ಸುಡ್ತಿದಾರೆ.'

ಅದು ವೆನ್ಸುವಿದ್ದ ಕೋಣೆಯ ಹೊಗೆ. ಆ ಮಾತು ಈಗಲೂ ಅವಳನ್ನು ನಿದ್ದೆಯಿಂದ ಎಬ್ಬಿಸುತ್ತಿತ್ತು.

"ಅವತ್ತು ನಂಗೆ ರಜಾ ಇರ್ಲಿಲ್ಲ," ಸಾಲ್ವು ಹೇಳಿದ. "ಮದ್ದಿನ ಮನೇಲಿ ಅವತ್ತಿನ ಸರದಿ ನಂದು. ಆ ಕೋಣೇಲಿ ಇರ್ಬೇಕಾಗಿದ್ದವನು ನಾನು."

'ಅವನ ಸರದಿ... ಅಣ್ಣ ಅವನ ಜಾಗದಲ್ಲಿ...'

"ಐದು ವರ್ಷ," ಎಂದಳು. "ಅದರಲ್ಲಿ ನಾಲ್ಕು ವರ್ಷ ನನ್ನ ಪಕ್ಕದಲ್ಲಿ ಮಲಗಿ, ನನ್ನಮ್ಮನ ಕೈಯಡುಗೆ ತಿಂದು..."

"ಹೌದು."

"ಯಾಕೆ ಹೇಳ್ಲಿಲ್ಲ?"

"ಯಾಕಂದ್ರೆ ಗೋಝೋಗೆ ಕರ್ಕೊಂಡು ಹೋಗು ಅಂತ ಕೇಳಿದ್ದು ನೀನು!"

ಅವಳು ಅವನನ್ನೇ ನೋಡಿದಳು. ಹೌದು. ಅವಳೇ ಕೇಳಿದ್ದಳು. ಜೀವಮಾನದಲ್ಲಿ ಅವಳು ಬಾಯಿಬಿಟ್ಟು ಕೇಳಿದ ಒಂದೇ ಒಂದು ಆಸೆ.

"ಹೇಳಿದ್ರೆ ನೀನು ಅದನ್ನೆಲ್ಲ ನಿನ್ನ ತಲೆ ಮೇಲೆ ಹಾಕ್ಕೊತಿದ್ದೆ. ನಂಗೊಬ್ಬನಿಗೇ ಇರ್ಲಿ ಅಂದ್ಕೊಂಡೆ. ಮೇ ತಿಂಗಳಲ್ಲಿ ಆ ಕೋಣೆ ಮತ್ತೆ ಕಟ್ಟಿದ್ರು. ಜನ ಸಾಲ್ದು ಬಾ ಅಂದ್ರು. ಹೋದೆ. ವೆನ್ಸು ನಿಂತಿದ್ದ ಜಾಗದಲ್ಲೇ ನಿಂತೆ. ಅಲ್ಲಿ ಇರೋಷ್ಟು ಹೊತ್ತು ಎದೆ ಹಗುರ ಇರುತ್ತೆ ಚೆತ್ತೀ. ಹೊರಗೆ ಬಂದ್ರೆ... ಇವತ್ತೂ ಬದುಕಿದೀನಲ್ಲ ಅಂತ ನಾಚಿಕೆ."

ಅವಳು ಎದ್ದಳು. ಎರಡೂ ಮುಷ್ಟಿಯಿಂದ ಅವನ ಎದೆಗೆ ಗುದ್ದಿದಳು. ಒಮ್ಮೆ, ಎರಡು ಸಲ, ಕೈ ಸೋಲುವವರೆಗೆ. ಅವನು ತಡೆಯಲಿಲ್ಲ. ಕೋಟಿನ ಗುಂಡಿಗಳು ಅವಳ ಬೆರಳ ಗಿಣ್ಣುಗಳನ್ನು ತರಚಿದವು.

"ಬದುಕಿರೋಕೆ ನಾಚಿಕೆನಾ? ನನ್ನ ಜೊತೆ ಬದುಕಿರೋಕೆ ನಾಚಿಕೆನಾ ನಿಂಗೆ? ನನ್ನ ವಿಧವೆ ಮಾಡಿದ್ರೆ ಅಣ್ಣ ಎದ್ದು ಬರ್ತಾನಾ!"

ಟಿಕೆಟ್ಟಿನ ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಮೂಗಿ ಎಂದವರು ಬಾಯಿ ಮುಚ್ಚಿಕೊಂಡರು.

"ಅಣ್ಣನ ಕಾಲು ಹಿಡ್ಕೊಂಡು ಸರದಿ ಬದಲಾಯಿಸ್ಕೊಂಡ್ಯಾ? ಅದನ್ನಾದ್ರೂ ಹೇಳು."

"ಇಲ್ಲ." ಸಾಲ್ವು ಬೆಂಚಿನ ಮೇಲೆ ಕುಳಿತುಬಿಟ್ಟ. "ನಾನು ಕೇಳ್ಲೇ ಇಲ್ಲ. ನಾವು ಗೋಝೋಗೆ ಹೋಗೋ ಸುದ್ದಿ ತಿಳ್ಕೊಂಡು ಅವನೇ ಬಂದ. 'ನಮ್ಮ ಮೂಗಿ ನಿನ್ನ ಜೊತೆ ಬರ್ತೀನಿ ಅಂದಳಾ? ಲೋ, ಇದು ಪವಾಡ ಕಣೋ! ಮಂಗಳವಾರದ ಸರದಿ ನಂಗಿರ್ಲಿ, ನೀನು ಹೋಗು. ಅವಳು ಗಟ್ಟಿಯಾಗಿ ನಗೋದನ್ನ ನಾನು ಕೇಳೇ ಇಲ್ಲ. ನೀನಾದ್ರೂ ಕೇಳ್ಕೊಂಡು ಬಂದು ನಂಗೆ ಹೇಳು' ಅಂದ."

ಅವನು ಸಮುದ್ರದ ಕಡೆಗೆ ತಿರುಗಿದ.

"ಬಂದು ಹೇಳೋಕಾಗ್ಲಿಲ್ಲ."

ಚೆತ್ತೀನಾ ಅವನ ಪಕ್ಕದಲ್ಲಿ ಕುಳಿತಳು. ಅಣ್ಣನ ಮಾತು ಐದು ವರ್ಷ ತಡವಾಗಿ ತಲುಪಿತ್ತು. ಅಳು ಬಂತು. ಹೊಟ್ಟೆಯ ಆಳದಿಂದ, ನಾಚಿಕೆಯಿಲ್ಲದೆ, ದನಿಯೆತ್ತಿ ಬಂತು. ಅವನ ಕೈ ಅವಳ ಬೆನ್ನಿನವರೆಗೆ ಬಂದು, ಮುಟ್ಟದೆ ಗಾಳಿಯಲ್ಲೇ ನಿಂತಿತು.

ಬಹಳ ಹೊತ್ತಿನ ಮೇಲೆ ಅವಳು ಮುಖ ಒರೆಸಿಕೊಂಡಳು.

"ಅಲ್ಲಿ ಕಿಟಕಿಯಲ್ಲಿ ಕೇಳಿದ್ರು, ಒಂದಾ ಎರಡಾ ಅಂತ. ನನ್ನ ಬಾಯಿಂದ ಒಂದು ಅನ್ನೋದು ಬರ್ಲೇ ಇಲ್ಲ. ಎರಡು ಅನ್ನೋ ಧೈರ್ಯಾನೂ ಇಲ್ಲ." ಚೀಲದಿಂದ ಹಸಿ ಅಂಗಿ ತೆಗೆದು ಇಬ್ಬರ ನಡುವೆ ಇಟ್ಟಳು. "ಇದು ಇರೋ ಮನೇಲಿ ನಾನು ಇರಲ್ಲ ಸಾಲ್ವು. ನೀನು ಬೇಡ ಅಂತಲ್ಲ. ಇನ್ನೊಂದು ಕೋಟು ಮಾತ್ರ ಮನೆಗೆ ಬರೋದನ್ನ ನೋಡೋಕೆ ನನ್ನಿಂದಾಗಲ್ಲ."

ಅವನು ಅಂಗಿಯನ್ನು ನೋಡುತ್ತಾ ಕುಳಿತ. ಹಡಗಿನ ಸೀಟಿ ಕೂಗಿತು. ಕಾರುಗಳು ಒಂದೊಂದಾಗಿ ಒಳಗೆ ಹೋದವು. ಇಬ್ಬರೂ ಏಳಲಿಲ್ಲ.

ಆಮೇಲೆ ಸಾಲ್ವುವಿನ ಕೈ ಮೆಲ್ಲಗೆ ಕೋಟಿನ ಮೇಲೇರಿತು. ಮೊದಲ ಗುಂಡಿ ಹಿಡಿದು ತಿರುವಿದ. ಬರಲಿಲ್ಲ. ಚೆತ್ತೀನಾಳೇ ಹೊಲಿದದ್ದು, ಅಷ್ಟು ಸುಲಭಕ್ಕೆ ಬರುತ್ತದೆಯೇ? ಹಲ್ಲಿನಿಂದ ದಾರ ಕಚ್ಚಿ ಕಿತ್ತ. ಎರಡನೆಯದು. ಮೂರನೆಯದು. ಲಂಗರಿನ ಚಿತ್ರದ ಐದು ಉಕ್ಕಿನ ಗುಂಡಿಗಳನ್ನೂ ತೆಗೆದು ಅವಳ ಅಂಗೈಯಲ್ಲಿಟ್ಟ. ಕೋಟು ಗಾಳಿಗೆ ಬಿಚ್ಚಿಕೊಂಡಿತು. ಚಳಿಗೆ ನಡುಗುತ್ತಿದ್ದ.

ಅವಳು ಗುಂಡಿಗಳನ್ನು ನೋಡಿದಳು. ಅಂಗಿಯನ್ನು ನೋಡಿದಳು. ಅರ್ಥವಾಯಿತು. ಉಕ್ಕಿನ ಗುಂಡಿಯಿರುವ ಅಂಗಿ ತೊಟ್ಟು ಮದ್ದಿನ ಮನೆಯೊಳಗೆ ಹೋಗುವಂತಿಲ್ಲ.

"ನಿನ್ನ ಹೊಲಿಗೆ ತೀರಾ ಸೊಟ್ಟ," ಎಂದಳು.

"ಗೊತ್ತು. ಆರು ಸಲ ಬೆರಳಿಗೆ ಚುಚ್ಕೊಂಡೆ."

"ನನ್ನ ಸೂಜಿ ಮುಟ್ಟಬಾರದಿತ್ತು."

"ಇನ್ನು ಮುಟ್ಟಲ್ಲ."

ಕೈಚೀಲದಿಂದ ಸೂಜಿಯ ಡಬ್ಬಿ ತೆಗೆದಳು. ದಾರ ಸೂಜಿಯ ಕಣ್ಣಿಗೆ ಹೋಗಲೊಲ್ಲದು. ಸಾಲ್ವು ಅದನ್ನು ಅವಳಿಂದ ತೆಗೆದುಕೊಂಡ, ದಾರದ ತುದಿ ಬಾಯಲ್ಲಿ ಒದ್ದೆ ಮಾಡಿದ, ಸುಣ್ಣದಿಂದ ಬಿರಿದ ದಪ್ಪ ಬೆರಳುಗಳಿಂದ ಪೋಣಿಸಿದ, ಅವಳ ಕಡೆಗೆ ಚಾಚಿದ.

"ಐದನ್ನೂ ಈ ಅಂಗಿಗೆ ಹೊಲಿದುಬಿಡು, ಚೆತ್ತೀ... ನಾನು ಎಷ್ಟು ಎಳೆದ್ರೂ ಕಿತ್ತು ಬರದ ಹಾಗೆ."