ಕಂಚಿನ ಕನ್ನಡಿಯ ಶತ್ರುಸೈನ್ಯ

ಬೆಟ್ಟಗಳಿಗೆ ಇನ್ನೂ ರೆಕ್ಕೆಗಳಿದ್ದ ಕಾಲದಲ್ಲಿ ಕೇದಗೆಪುರ ಎಂಬ ರಾಜ್ಯವಿತ್ತು. ಅಲ್ಲಿನ ಅರಸ ಮಕ್ಕಳಿಲ್ಲದೆ ತೀರಿಕೊಂಡ. ಮರುದಿನವೇ ದಂಡನಾಯಕ ರಣಧವಳ ಸಿಂಹಾಸನ ಏರಿ ಕುಳಿತ. ಕತ್ತಿ ಬೀಸುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ರಾಜ್ಯಕ್ಕೆ ಮೊದಲು ಏನು ಬೇಕು, ಆಮೇಲೆ ಏನು ಬೇಕು ಎಂಬುದು ಮಾತ್ರ ಗೊತ್ತಿರಲಿಲ್ಲ.

ಆಗ ವಕ್ರನಖ ಎಂಬ ಮಾಂತ್ರಿಕ ಆನೆಯಷ್ಟು ಎತ್ತರದ ಕಂಚಿನ ಕನ್ನಡಿ ತಂದ. “ಪ್ರತಿ ಯುಗಾದಿಗೆ ಇದನ್ನು ಕೇಳಿ, ಪ್ರಭು. ಮೊದಲು ಏನು ಬೇಕೆಂದು ಇದೇ ತೋರಿಸುತ್ತದೆ” ಎಂದು ಹೇಳಿ, ಕನ್ನಡಿಯೊಳಗೇ ಹೊಕ್ಕು ಕುಳಿತ. ಜನರ ಹೆದರಿಕೆಯೇ ಅವನ ಆಹಾರ. ಅದನ್ನು ಮಾತ್ರ ಹೇಳಲಿಲ್ಲ, ಕಳ್ಳ!

ಮೊದಲ ಯುಗಾದಿಗೆ ಕನ್ನಡಿಯಲ್ಲಿ ಸಾವಿರ ಶತ್ರುಗಳು ಕಂಡರು. “ಮೊದಲು ಸೈನ್ಯ!” ಎಂದ ದಂಡನಾಯಕ. ಉಳುವವರ ಕೈಗೆ ಈಟಿ ಬಂತು.

ಎರಡನೆಯ ಯುಗಾದಿಗೆ ಎರಡು ಸಾವಿರ ಶತ್ರುಗಳು ಕಂಡರು. “ಮೊದಲು ಸೈನ್ಯ!” ಎಂದ. ವೈದ್ಯರೂ ಕೆರೆ ಕಾಯುವವರೂ ಈಟಿ ಹಿಡಿದರು.

ಮೂರನೆಯ ಯುಗಾದಿಗೆ ನಾಲ್ಕು ಸಾವಿರ ಶತ್ರುಗಳು ಕಂಡರು. ಅಷ್ಟರಲ್ಲಿ ದ್ಯಾವಕ್ಕ ಆಸ್ಥಾನಕ್ಕೆ ಬಂದಳು. ಅವಳು ನೀರುಗಂಟಿ, ಕೆರೆಯ ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುವವಳು.

“ಬುದ್ಧಿ, ಕೆರೆ ಏರಿ ಬಿರುಕು ಬಿಟ್ಟದೆ. ಮಳೆ ಹಿಡಿಯೋಕ್ ಮುಂಚೆ ಮುಚ್ಚದಿದ್ರೆ ಕೆಳಗಿನ ಮೂರು ಊರೂ ಕೊಚ್ಕೊಂಡ್ ಹೋಗ್ತವೆ. ನಲವತ್ತು ಆಳು ಕೊಡಿ.”

“ಮೊದಲು ಶತ್ರು, ಆಮೇಲೆ ಕೆರೆ. ಬೇಕಾದರೆ ನೀನೇ ನೋಡು, ಅಜ್ಜಿ” ಎಂದ ದಂಡನಾಯಕ.

ದ್ಯಾವಕ್ಕ ನೋಡಿದಳು.

“ಅಯ್ಯಯ್ಯೋ! ಮೂರನೇ ಸಾಲಲ್ಲಿ ನಿಂತಿರೋನು ನೀವು ದಂಡಿಗೆ ಸೇರಿಸ್ಕೊಂಡ ನನ್ನ ಮಗ ಕೆಂಚ! ತೂಬಿಗೆ ಸಿಕ್ಕಿ ಅವನ ಬಲಗೈ ಕಿರುಬೆರಳು ಹೋಗಿತ್ತು. ಇಲ್ಲಿ ಎಡಗೈದು ಹೋಗ್ಯದೆ. ಇವರು ಶತ್ರುಗಳಲ್ಲ ಬುದ್ಧಿ, ನಿಮ್ಮದೇ ದಂಡು ಕನ್ನಡೀಲಿ ಕಾಣ್ತಾ ಅದೆ!”

ರಣಧವಳ ಕನ್ನಡಿಯ ಹತ್ತಿರ ಹೋದ. ಶತ್ರುಗಳ ಮುಂದೆ ಕುದುರೆಯೇರಿ, ಎಡಗೈಯಲ್ಲಿ ಕತ್ತಿ ಹಿಡಿದು ನಿಂತಿದ್ದವನು ಅವನೇ!

ಮೂರು ವರ್ಷ ನೋಡಿಯೂ ಗೊತ್ತಾಗಲಿಲ್ಲವೇ ಎನ್ನುತ್ತೀರಾ? ದಂಡಿನವರ ಅಭ್ಯಾಸವೇ ಹಾಗೆ. ಶತ್ರು ಕಂಡ ಕೂಡಲೇ ತಲೆ ಎಣಿಸುತ್ತಾರೆ. ಮುಖ ಯಾರು ನೋಡುತ್ತಾರೆ?

“ಈಟಿ ಕೆಳಗಿಡಿ!” ಎಂದು ದಂಡನಾಯಕ ಕೂಗಿದ. ಹೊರಗೆ ದಂಡು ಈಟಿ ಕೆಳಗಿಟ್ಟಿತು. ಕನ್ನಡಿಯಲ್ಲೂ ನಾಲ್ಕು ಸಾವಿರ ಈಟಿಗಳು ನೆಲ ಸೇರಿದವು. ಹೆದರುವವರೇ ಇಲ್ಲದೆ ವಕ್ರನಖ ಹಸಿದು ಬೆಕ್ಕಿನಷ್ಟಾದ, ಇಲಿಯಷ್ಟಾದ, ಸೊಳ್ಳೆಯಷ್ಟಾಗಿ ಕೊನೆಗೆ ಇಲ್ಲವಾಗಿಹೋದ.

ಮರುದಿನದಿಂದ ದಂಡೆಲ್ಲ ಗುರಾಣಿಗಳಲ್ಲಿ ಮಣ್ಣು ಹೊತ್ತಿತು. ಮಳೆ ಹಿಡಿಯಿತು, ಕೆರೆ ತುಂಬಿತು, ಏರಿ ಅಲುಗಲಿಲ್ಲ. ಮೂರೂ ಊರುಗಳು ಉಳಿದವು.

“ಇನ್ನು ಮೊದಲು ಏನು ಮಾಡಲಿ, ತಾಯಿ?” ಎಂದು ಕೆಸರು ಮೆತ್ತಿಕೊಂಡ ರಣಧವಳ ಕೇಳಿದ.

“ಮಕ್ಕಳ್ನ ಮನೆಗೆ ಕಳಿಸಿ, ಬುದ್ಧಿ.”

ಕಳಿಸಿದ. ಅಂದು ನಾಲ್ಕು ಸಾವಿರ ಮನೆಗಳಲ್ಲಿ ಊಟಕ್ಕೆ ಒಂದೊಂದು ಎಲೆ ಹೆಚ್ಚಿಗೆ ಹಾಕಿದರು. ಎಲ್ಲರೂ ಹೊಟ್ಟೆತುಂಬ ಉಂಡು ಸುಖವಾಗಿದ್ದರು.